ಅಡಿಯ ಅರಿವು

ಕನ್ನಡಿಗರು ಪಾದಕ್ಕೆ ಸಲ್ಲಿಸಿರುವ ಗೌರವ ಸಣ್ಣದಲ್ಲ. ಹಿರಿಯರನ್ನು ಕಂಡರೆ ಅವರ ಅಡಿಗೆ ಎರಗುತ್ತೇವೆ. ಗುರುವಿನ ಪಾದ ತೊಳೆದ ನೀರನ್ನು ಪಾದೋದಕವೆಂದು ಸ್ವೀಕರಿಸುತ್ತೇವೆ. ಪದ್ಯದ ಸಾಲಿಗೂ ಪಾದವೆಂದೇ ಹೆಸರಿಟ್ಟು, ಅಂಥ ಆರು ಸೇರಿದರೆ ಷಟ್ಪದಿಯೆಂದಿದ್ದೇವೆ. ಆದರೆ ಈ ಗೌರವವೆಲ್ಲ ಪರರ ಪಾದಕ್ಕೆ ಸಂದದ್ದು. ತನ್ನ ಅಂಗಾಲನ್ನು ತಾನೇ ತಿರುವಿ ನೋಡಿಕೊಳ್ಳುವವರು ಎಷ್ಟು ಮಂದಿ? ಮುಳ್ಳು ಚುಚ್ಚಿದಾಗ ನೋಡಿಕೊಳ್ಳುತ್ತೇವೆ, ನಿಜ. ಚುಚ್ಚಿದ್ದೇ ತಿಳಿಯದೆ ಹೋದರೆ? ಮಧುಮೇಹವು ನಮ್ಮ ಮುಂದಿಟ್ಟಿರುವ ಪ್ರಶ್ನೆ ಇದೇ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕವುಂಟು. ಇಲ್ಲಿ ಬಾಳು ನಿಂತಿರುವುದೇ ಕಾಲಿನ ಮೇಲೆ. ಬೇಸಗೆಯಲ್ಲಿ ಬಿರುಕುಬಿಟ್ಟ ಎರೆಭೂಮಿ, ಬದುವಿನ ಜಾಲಿಮುಳ್ಳು, ಕೊಯ್ದು ಮುಗಿದ ತೊಗರಿಯ ಮೊನಚು ಕೂಳೆ, ಇಂಡಿಯ ನಿಂಬೆಯ ತೋಟದ ಮುಳ್ಳು — ಇವೆಲ್ಲವುಗಳ ನಡುವೆ ದುಡಿಯುವ ಕಾಲು ಅದು. ಯುಗಾದಿಗೆ ಮುನ್ನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರ ಸಾಲಿನಲ್ಲಿ ಬಿಸಿಲಿಗೆ ಕಾದ ಡಾಂಬರನ್ನು ತುಳಿಯುವುದೂ ಅದೇ ಕಾಲು. ದಿನಗೂಲಿಯ ಒಕ್ಕಲುಮಗನೊಬ್ಬ ಕಾಲು ಕಳೆದುಕೊಂಡರೆ ಅವನ ಮನೆ ಮೊದಲು ಕೂಲಿಯನ್ನು ಕಳೆದುಕೊಳ್ಳುತ್ತದೆ. ಆಮೇಲೆ ಮಕ್ಕಳ ಓದು, ಕೊನೆಗೆ ಹೊಲ.

ಈ ಸೀಮೆಯ ಆಡುಮಾತಿನಲ್ಲಿ ರೋಗಕ್ಕೆ ‘ಜಡ್ಡು’ ಎನ್ನುತ್ತಾರೆ. ಅದೇ ಮಾತಿಗೆ ಗಡುಸಾಗಿ ಅರಿವುಗೆಟ್ಟ ಚರ್ಮವೆಂಬ ಅರ್ಥವೂ ಉಂಟು. ಸಕ್ಕರೆ ಜಡ್ಡಿನಲ್ಲಿ ಈ ಎರಡು ಅರ್ಥಗಳೂ ಒಂದಾಗುತ್ತವೆ. ನೆತ್ತರಿನಲ್ಲಿ ಸಕ್ಕರೆಯ ಅಂಶ ವರ್ಷಗಟ್ಟಲೆ ಮಿತಿ ಮೀರಿ ನಿಂತರೆ ನರಗಳು ಕೆಡುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಉದ್ದವಾದವು ಮೊದಲು. ಆದಕಾರಣ ಕೇಡು ಆರಂಭವಾಗುವುದು ಕಾಲ್ಬೆರಳ ತುದಿಯಿಂದ. ಮೊದಮೊದಲು ಜೋಮು, ಉರಿ. ಬರಬರುತ್ತ ಏನೂ ಇಲ್ಲ. ಉರಿ ನಿಂತಿತೆಂದು ರೋಗಿ ಸಂತೋಷಪಡುತ್ತಾನೆ. ಆದರೆ ನಿಂತದ್ದು ಉರಿಯಲ್ಲ, ಅದನ್ನು ತಿಳಿಸುವ ನರ. ಇದರ ಜೊತೆಗೆ ರಕ್ತನಾಳಗಳೂ ಕಿರಿದಾಗಿದ್ದರೆ ಗಾಯ ಮಾಯುವುದು ತಡವಾಗುತ್ತದೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿಯೆಂದು ಅಂದಾಜು ಮಾಡಿತು. ಜಗತ್ತಿನ ಲೆಕ್ಕವನ್ನು ನೋಡಿದರೆ, ಮಧುಮೇಹಿಗಳಲ್ಲಿ ಶೇಕಡ 19ರಿಂದ 34ರಷ್ಟು ಮಂದಿಗೆ ಬಾಳಿನ ಯಾವುದಾದರೊಂದು ಹಂತದಲ್ಲಿ ಪಾದದಲ್ಲಿ ಹುಣ್ಣಾಗುತ್ತದೆ. ಮಧುಮೇಹದಿಂದ ಕಾಲು ತೆಗೆಯಬೇಕಾಗಿ ಬರುವ ಪ್ರಸಂಗಗಳಲ್ಲಿ ಹೆಚ್ಚಿನವಕ್ಕೆ ಮೂಲ ಇಂಥ ಒಂದು ಹುಣ್ಣೇ. ಎಂದರೆ, ಹುಣ್ಣನ್ನು ತಡೆದರೆ ಬಹುಪಾಲು ಕಾಲುಗಳನ್ನು ಉಳಿಸಬಹುದು.

ಈ ತಿಳಿವಳಿಕೆಯ ಒಂದು ಬೇರು ನಮ್ಮ ನೆರೆಯಲ್ಲೇ ಇದೆ. ತಮಿಳುನಾಡಿನ ಕೊಲ್ಲಿಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದು, ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಾನುಗಟ್ಟಲೆ ಪರೀಕ್ಷಿಸಿದರು. ಕುಷ್ಠದಿಂದ ಬೆರಳು ತಾನಾಗಿ ಕೊಳೆತು ಬೀಳುತ್ತದೆಂಬ ನಂಬಿಕೆ ಆಗ ಬಲವಾಗಿತ್ತು. ಹಾಗಲ್ಲ, ನೋವು ತಿಳಿಯದ ಕಾರಣ ರೋಗಿಯು ಗಾಯದ ಮೇಲೆಯೇ ನಡೆದು ಅದನ್ನು ಕೆಡಿಸಿಕೊಳ್ಳುತ್ತಾನೆಂದು ಅವರು ತೋರಿಸಿಕೊಟ್ಟರು. ಅಂಥ ಪಾದಗಳಿಗೆಂದು ಮೆತ್ತನೆಯ ರಬ್ಬರಿನ ಚಪ್ಪಲಿಗಳು ಸಿದ್ಧವಾದವು. ಮುಂದೆ ಅವರು ಅಮೆರಿಕೆಗೆ ಹೋದಾಗ ಇದೇ ಪಾಠ ಮಧುಮೇಹಿಗಳ ಪಾದಕ್ಕೂ ಅನ್ವಯವಾಯಿತು. ನೋವನ್ನು ಶತ್ರುವೆಂದು ಹಳಿಯುವ ನಾವು, ಅದು ಮೈಯ ಕಾವಲುಗಾರನೆಂಬುದನ್ನು ಅವರಿಂದ ಕಲಿಯಬೇಕಾಗಿದೆ.

ಕಾವಲುಗಾರ ಮಲಗಿದ ಮನೆಯಲ್ಲಿ ಯಜಮಾನನೇ ಎಚ್ಚತ್ತಿರಬೇಕು. ನೋವು ಮಾಡುತ್ತಿದ್ದ ಕೆಲಸವನ್ನು ಇನ್ನು ಕಣ್ಣು ಮಾಡಬೇಕು. ಇದರಲ್ಲಿ ಕಠಿಣವಾದುದು ಏನೂ ಇಲ್ಲ. ದಿನಕ್ಕೊಮ್ಮೆ ಪಾದವನ್ನು ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರಸಿ, ಅಂಗಾಲು, ಹಿಮ್ಮಡಿ, ಸಂದುಗಳನ್ನು ಬೆಳಕಿನಲ್ಲಿ ನೋಡಬೇಕು. ಬಾಗಲಾರದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡಲಿ. ಕಣ್ಣು ಮಂಜಾದವರಿಗೆ ಮಕ್ಕಳು ನೋಡಿ ಹೇಳಲಿ. ಹಿಮ್ಮಡಿ ಒಡೆದಿದ್ದರೆ ಎಣ್ಣೆ ಸವರಬಹುದು, ಬೆರಳ ಸಂದಿಗೆ ಬೇಡ. ಬಿಸಿನೀರಿನ ಹದವನ್ನು ಕಾಲಿನಿಂದಲ್ಲ, ಮೊಣಕೈಯಿಂದ ಅರಿಯಬೇಕು. ಉಗುರನ್ನು ಮೂಲೆ ಕೊರೆಯದೆ ನೇರವಾಗಿ ಕತ್ತರಿಸಬೇಕು. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳುವುದು, ಗಾಯಕ್ಕೆ ಸುಣ್ಣವನ್ನೋ ತಂಬಾಕನ್ನೋ ಮೆತ್ತುವುದು ಕೂಡದು. ಚಪ್ಪಲಿಯನ್ನು ಕೊಡವಿ, ಒಳಗೆ ಕೈಯಾಡಿಸಿ, ಆಮೇಲೆ ಮೆಟ್ಟಬೇಕು. ಮನೆಯೊಳಗೂ ಬರಿಗಾಲು ಸಲ್ಲದು. ಬೊಕ್ಕೆ, ಕೆಂಪು, ಬಾವು, ಕೀವು ಯಾವುದು ಕಂಡರೂ ನೋವಿಲ್ಲವೆಂದು ಸುಮ್ಮನಿರದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ನೋವಿಲ್ಲದಿರುವುದೇ ಅಲ್ಲಿ ಭಯದ ಗುರುತು.

ಅರಿವು ಉಳಿದಿದೆಯೋ ಇಲ್ಲವೋ ಎಂದು ಮನೆಯಲ್ಲೇ ತಿಳಿಯುವ ಬಗೆಯೊಂದುಂಟು. ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ವೈದ್ಯರು ಅದನ್ನು 2011ರಲ್ಲಿ ಪ್ರಕಟಿಸಿದರು. ಹಿರಿಯರು ಕಣ್ಣು ಮುಚ್ಚಿ ಕುಳಿತಿರಲಿ. ಮನೆಯ ಹುಡುಗನೊಬ್ಬ ಅವರ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತನ್ನ ಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ ಮುಟ್ಟಲಿ, ಒತ್ತಬಾರದು, ಸವರಬಾರದು. ಮುಟ್ಟಿದ್ದು ತಿಳಿದಾಗ ಅವರು ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಆ ಪಾದಗಳು ಅಪಾಯದಲ್ಲಿವೆಯೆಂದು ಭಾವಿಸಿ ತಾಲೂಕು ಆಸ್ಪತ್ರೆಗೆ ಹೋಗಿ ತೋರಿಸಬೇಕು. ಹಿರಿಯರ ಪಾದ ಮುಟ್ಟುವುದು ನಮ್ಮ ಮಕ್ಕಳಿಗೆ ಹೊಸತೇನಲ್ಲ. ಆ ನಮಸ್ಕಾರಕ್ಕೆ ಇದೊಂದು ಹೊಸ ಉಪಯೋಗ.

ವೈದ್ಯರಿಗೂ ಒಂದು ಮಾತು ಸಲ್ಲುತ್ತದೆ. ನೆತ್ತರಿನ ಸಕ್ಕರೆಯ ಅಂಕಿಯನ್ನು ನೋಡಿ ಗುಳಿಗೆ ಬರೆದುಕೊಟ್ಟರೆ ತಪಾಸಣೆ ಮುಗಿಯಲಿಲ್ಲ. ವರ್ಷಕ್ಕೊಮ್ಮೆಯಾದರೂ ಚಪ್ಪಲಿ ಬಿಡಿಸಿ ಪಾದ ನೋಡಬೇಕು. ನೋಡದಿದ್ದರೆ ರೋಗಿಯೇ ಕೇಳಬೇಕು. ಕೇಳುವುದರಲ್ಲಿ ಸಂಕೋಚ ಬೇಡ.

ಒಮ್ಮೆ ಕೇಳಿದ ಭಾಷಣದಿಂದ ಇಂಥ ಎಚ್ಚರ ನಿಲ್ಲುವುದಿಲ್ಲ. ಮೈಯೊಳಗಿಂದ ನೆನಪಿಸುವ ನೋವೇ ಇಲ್ಲವಲ್ಲ! ಅದು ನಿತ್ಯದ ರೂಢಿಯೊಂದಕ್ಕೆ ಅಂಟಿಕೊಂಡರೆ ಮಾತ್ರ ಉಳಿದೀತು. ಅಂಥ ರೂಢಿ ನಮ್ಮಲ್ಲಿ ಇದ್ದೇ ಇದೆ. ಹೊಲದಿಂದ ಬಂದವರಿಗೆ ಹೊಸ್ತಿಲಲ್ಲೇ ಕಾಲಿಗೆ ನೀರು ಕೊಡುವುದು ಈ ನಾಡಿನ ಮನೆಗಳ ನಡೆ. ಆ ತಂಬಿಗೆಯ ನೀರು ಕಾಲ ಮೇಲೆ ಬೀಳುವಾಗ ಕಣ್ಣೂ ಅಲ್ಲಿಗೆ ಇಳಿಯಲಿ.