ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವೂ ಸುಣ್ಣವೂ

ಮಲೆನಾಡಿನ ಅಡಕೆ ತೋಟಗಳಿಗೆ ಮುಂಗಾರಿನಲ್ಲಿ ತಗಲುವ ಕೊಳೆರೋಗವು ಎಳೆಗಾಯಿಗಳನ್ನು ಉದುರಿಸಿ, ರೈತನ ವರ್ಷದ ಆದಾಯವನ್ನೇ ನುಂಗಿಬಿಡುವುದೆಂಬುದು ಸರ್ವವಿದಿತವಾದ ಸಂಗತಿ. ಫೈಟಾಫ್ತರ ಎಂಬ ಸೂಕ್ಷ್ಮಜೀವಿಯಿಂದುಂಟಾಗುವ ಈ ರೋಗಕ್ಕೆ ಬೋರ್ಡೋ ದ್ರಾವಣವೇ ಬಹುಕಾಲದಿಂದ ಆಶ್ರಯವಾಗಿದೆ. ಫ್ರಾನ್ಸಿನಲ್ಲಿ ದ್ರಾಕ್ಷಿಯ ರೋಗಕ್ಕೆಂದು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು 1885ರಲ್ಲಿ ಪ್ರಕಟಪಡಿಸಿದ ಈ ಔಷಧವನ್ನು, ಮೈಸೂರು ಸಂಸ್ಥಾನದ ಅಡಕೆ ತೋಟಗಳಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು 20ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದರು.

ಆದರೆ ಒಂದೇ ಅಳತೆಯಿಂದ ತಯಾರಿಸಿದ ದ್ರಾವಣವು ಒಂದು ತೋಟದಲ್ಲಿ ಫಸಲನ್ನುಳಿಸಿ, ಇನ್ನೊಂದರಲ್ಲಿ ಎಳೆಗಾಯಿಗಳನ್ನು ಸುಡುವುದುಂಟು. ಮೈಲುತುತ್ತದ ಆಮ್ಲಗುಣವನ್ನು ಸುಣ್ಣದ ಕ್ಷಾರಗುಣವು ಪೂರ್ಣವಾಗಿ ಮುರಿಯದಿರುವುದೇ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಪಿಎಚ್ ಎಂಬ ಅಳತೆ

ಆಮ್ಲ-ಕ್ಷಾರಗಳ ಬಲವನ್ನು ಸೂಚಿಸಲು ಕೋಪನ್‌ಹೇಗನ್ ನಗರದ ಸೊರೆನ್ಸನ್ ಎಂಬ ವಿಜ್ಞಾನಿಯು 1909ರಲ್ಲಿ ಪಿಎಚ್ ಎಂಬ ಮಾನವನ್ನು ಬಳಕೆಗೆ ತಂದನು. ಶುದ್ಧ ಜಲದ ಪಿಎಚ್ 7. ಅದಕ್ಕಿಂತ ಕಡಮೆಯಾದುದು ಆಮ್ಲ, ಹೆಚ್ಚಾದುದು ಕ್ಷಾರ. ಇದರಲ್ಲಿ ಒಂದೊಂದು ಮೆಟ್ಟಿಲಿಗೂ ಹತ್ತರಷ್ಟು ವ್ಯತ್ಯಾಸವಿದೆಯೆಂಬುದನ್ನು ಮರೆಯತಕ್ಕದ್ದಲ್ಲ. ಪಿಎಚ್ 4 ಇರುವ ದ್ರಾವಣವು 5 ಇರುವುದಕ್ಕಿಂತ ಹತ್ತು ಪಾಲು, 6 ಇರುವುದಕ್ಕಿಂತ ನೂರು ಪಾಲು ಹೆಚ್ಚು ಆಮ್ಲೀಯವಾದುದು.

ಸುಣ್ಣ ಬೆರೆತಾಗ ಆಗುವುದೇನು?

ಮೈಲುತುತ್ತದ ನೀರಿನ ಪಿಎಚ್ ಸುಮಾರು 4. ಇದಕ್ಕೆ ಸುಣ್ಣದ ಹಾಲನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿದರೆ ಪಿಎಚ್ ಅದೇ ಪ್ರಮಾಣದಲ್ಲಿ ಏರುತ್ತಾ ಹೋಗುವುದೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಹಾಗಾಗುವುದಿಲ್ಲ. ಸೇರಿದ ಸುಣ್ಣವೆಲ್ಲವೂ ಕರಗಿರುವ ತಾಮ್ರವನ್ನು ನೀಲಿಯ ಗಸಿಯಾಗಿ ಮಾರ್ಪಡಿಸುವುದರಲ್ಲಿಯೇ ವೆಚ್ಚವಾಗುವುದರಿಂದ, ಪಿಎಚ್ ಬಹಳ ಹೊತ್ತು 5-6ರ ಆಸುಪಾಸಿನಲ್ಲಿಯೇ ನಿಂತಿರುವುದು. ಕರಗಿದ ತಾಮ್ರವು ತೀರಿದ ಕೂಡಲೆ ಮತ್ತಷ್ಟು ಸುಣ್ಣ ಬಿದ್ದರೆ ಸಾಕು, ಅದು 7, 8, 9ನ್ನು ಒಮ್ಮೆಲೇ ದಾಟಿ ಮೇಲೇರುವುದು. ಆ ಬಳಿಕ ಎಷ್ಟು ಸುಣ್ಣ ಹಾಕಿದರೂ ಸುಮಾರು 12.4ನ್ನು ಮೀರದು, ನೀರಿನಲ್ಲಿ ಸುಣ್ಣವು ಕರಗುವುದೇ ಅತ್ಯಲ್ಪ.

ಮೊದಲು ನಿಧಾನ, ಆಮೇಲೆ ಜಿಗಿತ, ಕಡೆಗೆ ಸ್ಥಿರತೆ: ಇದೇ ಇದರ ಕ್ರಮ. ಜಿಗಿತಕ್ಕೆ ಮುಂಚೆಯೂ ದ್ರಾವಣವು ನೀಲಿಯಾಗಿಯೇ ತೋರುವುದರಿಂದ ಕಣ್ಣಳತೆಯನ್ನು ನಂಬಲಾಗದು. ಕರಗಿದ ತಾಮ್ರವುಳಿದಿದ್ದರೆ ಅದೇ ಎಳೆಗಾಯಿಯನ್ನೂ ಹಿಂಗಾರವನ್ನೂ ಸುಡುವುದು. ಮಳೆಗೆ ಬೇಗನೆ ತೊಳೆದುಹೋಗುವುದೂ ಅದೇ.

ಸಮತೂಕದ ಸುಣ್ಣವೇಕೆ?

ಲೆಕ್ಕದ ಪ್ರಕಾರ 1 ಕಿಲೋಗ್ರಾಂ ಮೈಲುತುತ್ತಕ್ಕೆ ಶುದ್ಧವಾದ ಸುಟ್ಟ ಸುಣ್ಣವು ಸುಮಾರು 225 ಗ್ರಾಂ ಸಾಕು. ಆದರೂ ಶೇಕಡ 1ರ ದ್ರಾವಣಕ್ಕೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ, 100 ಲೀಟರ್ ನೀರು ಎಂದು ವಿಧಿಸಿರುವುದು ಸುಣ್ಣದ ಗುಣವು ಏಕರೀತಿಯಾಗಿರದ ಕಾರಣದಿಂದ. ಗಾಳಿಗೆ ತೆರೆದಿಟ್ಟ ಸುಣ್ಣವು ಇಂಗಾಲಾಮ್ಲವನ್ನು ಹೀರಿ, ಸೀಮೆಸುಣ್ಣದಂತೆ ನಿಸ್ಸತ್ತ್ವವಾಗುವುದು. ತಕ್ಕಡಿಯಲ್ಲಿ ತೂಕವಿದ್ದರೂ ಕೆಲಸದಲ್ಲಿ ಬಲವಿರದು. ಆದುದರಿಂದ ಹೊಸದಾಗಿ ಸುಟ್ಟ ಗಟ್ಟಿಸುಣ್ಣವನ್ನೇ ಆರಿಸತಕ್ಕದ್ದು.

ತಯಾರಿಕೆ ಮತ್ತು ಪರೀಕ್ಷೆ

ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಸುಣ್ಣವನ್ನು ಅರಳಿಸಿ, ಉಳಿದ 50 ಲೀಟರ್ ನೀರಿನಲ್ಲಿ ಕದಡಿ ಸೋಸಬೇಕು. ಬಳಿಕ ತುತ್ತದ ನೀರನ್ನು ಸುಣ್ಣದ ಹಾಲಿಗೆ ಕಲಕುತ್ತಾ ಸುರಿಯಬೇಕೇ ಹೊರತು, ಸುಣ್ಣವನ್ನು ತುತ್ತಕ್ಕೆ ಸುರಿಯತಕ್ಕದ್ದಲ್ಲ. ಹೀಗೆ ಮಾಡಿದರೆ ಮಿಶ್ರಣವು ಮೊದಲಿನಿಂದ ಕಡೆಯವರೆಗೆ ಕ್ಷಾರವಾಗಿಯೇ ಇದ್ದು, ನಯವಾದ ಗಸಿ ಉಂಟಾಗಿ ಬೇಗನೆ ತಳಕ್ಕಿಳಿಯದು.

ಸಿಂಪಡಿಸುವ ಮುನ್ನ ಪರೀಕ್ಷೆ ಅವಶ್ಯ. ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ, ಕರಗಿದ ತಾಮ್ರವು ಇನ್ನೂ ಉಳಿದಿದೆಯೆಂದು ತಿಳಿಯಬೇಕು. ಲೇಪ ಕಾಣದಾಗುವವರೆಗೆ ಸುಣ್ಣದ ಹಾಲನ್ನು ಸೇರಿಸುತ್ತಾ ಮತ್ತೆ ಪರೀಕ್ಷಿಸಬೇಕು. ಕೆಂಪು ಲಿಟ್ಮಸ್ ಕಾಗದವು ನೀಲಿಯಾದರೆ ದ್ರಾವಣವು ಕ್ಷಾರದ ಕಡೆಗೆ ದಾಟಿದೆಯೆಂಬುದು ಸ್ಪಷ್ಟ.

ಸಿದ್ಧವಾದ ದ್ರಾವಣವನ್ನು ಅಂದೇ ಬಳಸತಕ್ಕದ್ದು. ಮುಂಗಾರು ಹಿಡಿಯುವ ಮುನ್ನ ಒಂದು ಸಲ, 40-45 ದಿನಗಳ ತರುವಾಯ ಮತ್ತೊಂದು ಸಲ ಸಿಂಪಡಿಸುವುದು ವಾಡಿಕೆ. ಎರಡು ಸಲವೂ ಒಂದು ನಿಮಿಷದ ಈ ಪರೀಕ್ಷೆಯನ್ನು ಬಿಡದೆ ನಡೆಸಿದಲ್ಲಿ, ಔಷಧದಿಂದಲೇ ಫಸಲು ಸುಡುವ ಭಯವು ಬಹುಮಟ್ಟಿಗೆ ನಿವಾರಣೆಯಾಗುವುದು.