ಚಟ್ಟೋಪಾಧ್ಯಾಯ ಎಂಬ ಹೆಸರಿನ ಹಿಂದೆ ಮಂಗಳೂರಿನ ಮಗಳು

ಕಮಲಾದೇವಿ ಚಟ್ಟೋಪಾಧ್ಯಾಯ ಅಂದರೆ ನಮ್ಮಲ್ಲಿ ಹೆಚ್ಚಿನವರು ಬಂಗಾಳದ ಹೆಂಗಸು ಅಂತಲೇ ತಿಳಿದುಕೊಳ್ಳುತ್ತಾರೆ. ಅವರು ಹುಟ್ಟಿದ್ದು 1903ರಲ್ಲಿ, ಮಂಗಳೂರಿನ ಸಾರಸ್ವತ ಮನೆಯಲ್ಲಿ. ಆಗ ಕಾಸರಗೋಡು, ಮಂಗಳೂರು ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ, ಮದರಾಸು ಪ್ರಾಂತ್ಯ. 1956ರಲ್ಲಿ ಗಡಿ ಬಿತ್ತು. ಹಾಗಾಗಿ ಇದು ನಮ್ಮ ಜಿಲ್ಲೆಯದ್ದೇ ಕತೆ.

ಅವರನ್ನು ಕವಿ ಹರೀಂದ್ರನಾಥರ ಪತ್ನಿ, ಸರೋಜಿನಿ ನಾಯ್ಡು ಅವರ ನಾದಿನಿ ಎಂದು ಪರಿಚಯಿಸುವುದು ರೂಢಿ. ಇದು ಸುಳ್ಳಲ್ಲ. ಆದರೆ ಹೀಗೆ ಶುರು ಮಾಡಿದರೆ ಅವರ ರಾಜಕೀಯ ಎಲ್ಲಿಂದ ಬಂತು ಎನ್ನುವುದೇ ಕಾಣೋದಿಲ್ಲ. ಅದು ಬಂದದ್ದು ತಾಯಿಯ ಮನೆಯಿಂದ. ಕಮಲಾದೇವಿಗೆ ಏಳು ವರ್ಷವಿದ್ದಾಗ ತಂದೆ ತೀರಿಕೊಂಡರು. ಉಯಿಲು ಇರಲಿಲ್ಲ. ಆಸ್ತಿಯೆಲ್ಲ ತಂದೆಯ ಮೊದಲ ಮದುವೆಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ ತಿಂಗಳ ಖರ್ಚಿಗೆ ಒಂದಿಷ್ಟು ಹಣ ಗೊತ್ತಾಯಿತು. ಅವರು ಅದನ್ನು ಬೇಡ ಅಂದುಬಿಟ್ಟರು. ಇಲ್ಲಿ ಒಂದು ಮಾತು ಸೇರಿಸಬೇಕು: ಅದೇ ಊರಿನ ಬಂಟರ ಮನೆಗಳಲ್ಲಿ ಅಳಿಯಸಂತಾನ ಪದ್ಧತಿ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು. ಎರಡು ಬೀದಿ ಆಚೆ ಒಂದು ಕಾನೂನು, ಈಚೆ ಇನ್ನೊಂದು. ಇದನ್ನು ನೋಡಿ ಬೆಳೆದ ಹುಡುಗಿ ಹೆಣ್ಣಿನ ಹಕ್ಕಿನ ಮಾತು ಎತ್ತಿದರೆ ಅದಕ್ಕೆ ಕವಿಯ ಸಹವಾಸವನ್ನೇ ಕಾರಣ ಮಾಡಬೇಕಾಗಿಲ್ಲ.

ಎಳೆಯ ವಯಸ್ಸಿನಲ್ಲೇ ಮದುವೆ, ಬೇಗನೆ ವೈಧವ್ಯ. ಆಮೇಲೆ ಮದರಾಸಿನ ಕ್ವೀನ್ ಮೇರಿಸ್ ಕಾಲೇಜು. ಅಲ್ಲಿ ಹರೀಂದ್ರನಾಥರ ತಂಗಿ ಸುಹಾಸಿನಿಯ ಸ್ನೇಹ, ಆ ಮೂಲಕ ಕವಿಯ ಪರಿಚಯ. ವಿಧವೆಯ ಮರುಮದುವೆ, ಅದೂ ಜಾತಿ, ಭಾಷೆ ಎರಡನ್ನೂ ದಾಟಿ! ಆ ಕಾಲಕ್ಕೆ ಅದು ದೊಡ್ಡ ಗಲಾಟೆಯ ವಿಷಯವೇ. ಮದುವೆ ಅವರಿಗೆ ಕೊಟ್ಟದ್ದೂ ಇದೆ: ರಂಗಭೂಮಿ, ಲಂಡನ್ನಿನ ಓದು. ಹೆಣ್ಣುಮಕ್ಕಳು ವೇದಿಕೆ ಹತ್ತುವುದು ಮರ್ಯಾದೆಯಲ್ಲ ಅನ್ನುತ್ತಿದ್ದಾಗ ಅವರು ನಾಟಕವಾಡಿದರು, 1931ರ ಮೂಕಿ ಚಿತ್ರ ‘ವಸಂತಸೇನೆ’ಯಲ್ಲೂ ಅಭಿನಯಿಸಿದರು.

1926ರಲ್ಲಿ ಮದರಾಸು ಶಾಸನ ಪರಿಷತ್ತಿಗೆ ಮಂಗಳೂರಿನಿಂದ ನಿಂತರು. ದೇಶದಲ್ಲಿ ಹಾಗೆ ಸ್ಪರ್ಧಿಸಿದ ಮೊದಲಿಗ ಮಹಿಳೆಯರಲ್ಲಿ ಅವರೂ ಒಬ್ಬರು. ನಿಲ್ಲುವಂತೆ ಒತ್ತಾಯಿಸಿದವರು ಮಾರ್ಗರೆಟ್ ಕಸಿನ್ಸ್. ಕುವೆಂಪು ಅವರಿಗೆ ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಬರೆಯಿರಿ ಎಂದ ಜೇಮ್ಸ್ ಕಸಿನ್ಸ್ ನಮಗೆ ಗೊತ್ತು, ಅಲ್ವಾ? ಮಾರ್ಗರೆಟ್ ಅವರ ಹೆಂಡತಿ. ಆಕೆಯೂ ಕವಿಪತ್ನಿಯೇ, ಹಾಗಾಗಿ ಆಕೆಯ ಹೆಸರೂ ನಮ್ಮ ಬಾಯಲ್ಲಿ ನಿಲ್ಲಲಿಲ್ಲ. ಆಗ ಮತದ ಹಕ್ಕು ಆಸ್ತಿ, ತೆರಿಗೆಗೆ ಕಟ್ಟಿದ್ದು. ಗಿರಿಜಾಬಾಯಿಯಂತೆ ಆಸ್ತಿ ಕಳೆದುಕೊಂಡ ಹೆಂಗಸರಿಗೆ ಮತವೆಲ್ಲಿ? ಮತದಾರರಲ್ಲಿ ಹೆಂಗಸರು ತೀರಾ ಕಡಿಮೆ. ಕಮಲಾದೇವಿ ಸ್ವಲ್ಪದರಲ್ಲೇ ಸೋತರು.

1930ರ ದಂಡಿ ಯಾತ್ರೆಗೆ ಗಾಂಧೀಜಿ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಇದು ಸರಿಯಲ್ಲ ಎಂದು ಗಾಂಧೀಜಿಯ ಹತ್ತಿರವೇ ವಾದಿಸಿದವರು ಇವರು. ಉಪ್ಪಿನ ಸತ್ಯಾಗ್ರಹ ಹೆಂಗಸರಿಗೂ ತೆರೆದುಕೊಂಡ ಮೇಲೆ ಮುಂಬೈಯಲ್ಲಿ ಉಪ್ಪು ತಯಾರಿಸಿ, ಷೇರು ಪೇಟೆಯೊಳಗೇ ಹೋಗಿ ಪೊಟ್ಟಣ ಮಾರಿದರು, ಜೈಲು ಸೇರಿದರು. ಮದುವೆ ಮುಂದೆ ವಿಚ್ಛೇದನದಲ್ಲಿ ಮುಗಿಯಿತು. ಮಗ ಇದ್ದ, ಹೊತ್ತುಕೊಂಡ ಕೆಲಸವಿತ್ತು, ಹೆಸರು ಹಾಗೇ ಉಳಿಯಿತು. 1936ರಲ್ಲಿ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷದ ಅಧ್ಯಕ್ಷೆಯಾದದ್ದು, ದೇಶ ವಿಭಜನೆಯ ನಂತರ ಫರೀದಾಬಾದಿನಲ್ಲಿ ನಿರಾಶ್ರಿತರಿಗೆ ನೆಲೆ ಕಟ್ಟುವ ಕೆಲಸ, ಇವೆಲ್ಲ ಆ ಹೆಸರಿನಲ್ಲೇ.

1952ರ ಮೊದಲ ಲೋಕಸಭೆಗೆ ಹರೀಂದ್ರನಾಥರು ವಿಜಯವಾಡದಿಂದ ಗೆದ್ದು ಹೋದರು. ಅದೇ ವರ್ಷ ಕಮಲಾದೇವಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ನೇಕಾರರ, ಕುಂಬಾರರ ಊರುಗಳನ್ನು ಸುತ್ತತೊಡಗಿದ್ದರು.