ಗೆಲುವಿನ ಹಂಚಿಕೆ: ತರಬೇತುದಾರ ದ್ರಾವಿಡ್ ಅವರಿಂದ ಉದ್ದಿಮೆದಾರರು ಕಲಿಯಬೇಕಾದ ಪಾಠ

ಒಂದು ಸಂಸ್ಥೆಯ ಒಡೆಯನ ಗುಣ ನಷ್ಟದ ದಿನಗಳಲ್ಲಿ ತಿಳಿಯುತ್ತದೆ ಎಂಬುದು ವ್ಯಾಪಾರಿಗಳಲ್ಲಿ ರೂಢಿಯಲ್ಲಿರುವ ಮಾತು. ಲಾಭವನ್ನು ಹಂಚುವ ದಿನವೂ ಅದು ಅಷ್ಟೇ ಸ್ಪಷ್ಟವಾಗಿ ತಿಳಿಯುತ್ತದೆ. ಬೆಂಗಳೂರಿನಲ್ಲಿ ಬೆಳೆದ ರಾಹುಲ್ ದ್ರಾವಿಡ್ ಅವರ ತರಬೇತಿಯ ವರ್ಷಗಳು ಇದಕ್ಕೆ ಉತ್ತಮ ನಿದರ್ಶನ.

ಸಮಾನ ಪಾಲು

2018ರ ಫೆಬ್ರವರಿ 3ರಂದು ನ್ಯೂಜಿಲೆಂಡಿನಲ್ಲಿ ನಡೆದ 19 ವರ್ಷದೊಳಗಿನವರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಭಾರತ ತಂಡವು ಆಸ್ಟ್ರೇಲಿಯವನ್ನು 8 ವಿಕೆಟ್‌ಗಳಿಂದ ಸೋಲಿಸಿತು. ಭಾರತೀಯ ಕ್ರಿಕೆಟ್ ಮಂಡಳಿಯು ತರಬೇತುದಾರ ದ್ರಾವಿಡ್ ಅವರಿಗೆ 50 ಲಕ್ಷ ರೂಪಾಯಿ, ಪ್ರತಿ ಆಟಗಾರನಿಗೆ 30 ಲಕ್ಷ ಹಾಗೂ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ತಮಗೂ ಸಹಾಯಕರಿಗೂ ಇರುವ ಈ ಅಂತರ ಸರಿಯಲ್ಲವೆಂದು ದ್ರಾವಿಡ್ ಆಕ್ಷೇಪಿಸಿದರು. ಕೊನೆಗೆ ಅವರೂ ಸೇರಿದಂತೆ ಸಿಬ್ಬಂದಿಯ ಎಲ್ಲರಿಗೂ ತಲಾ 25 ಲಕ್ಷ ನಿಗದಿಯಾಯಿತು. ನ್ಯಾಯದ ಈ ಹಂಚಿಕೆಯಿಂದ ಅವರ ಸ್ವಂತ ಪಾಲು ಅರ್ಧಕ್ಕೆ ಇಳಿಯಿತು.

ದೊಡ್ಡ ಸರಬರಾಜು ಆದೇಶವೊಂದು ಗಡುವಿನೊಳಗೆ ಪೂರ್ಣಗೊಂಡಾಗ ಶ್ರೇಯಸ್ಸು ಮಾಲೀಕನಿಗೂ ವ್ಯವಸ್ಥಾಪಕನಿಗೂ ಸಲ್ಲುವುದು ವಾಡಿಕೆ. ರಾತ್ರಿ ಪಾಳಿಯಲ್ಲಿ ಯಂತ್ರ ದುರಸ್ತಿ ಮಾಡಿದವನು, ಸರಕು ಕಟ್ಟಿ ಲಾರಿಗೆ ಏರಿಸಿದವನು ಮರೆತುಹೋಗುತ್ತಾರೆ. ಪ್ರತಿಯೊಬ್ಬರಿಗೂ ಒಂದೇ ಮೊತ್ತ ಕೊಡುವುದು ಎಲ್ಲ ಸಂಸ್ಥೆಗಳಿಗೂ ಸಾಧ್ಯವಾಗದಿರಬಹುದು. ಆದರೆ ದೀಪಾವಳಿಯ ಬೋನಸ್ ಪಟ್ಟಿಯನ್ನು ಅಂತಿಮಗೊಳಿಸುವ ಮುನ್ನ ಯಾರ ಹೆಸರು ಬಿಟ್ಟುಹೋಗಿದೆ ಎಂದು ಪರಿಶೀಲಿಸುವುದು ಸಾಧ್ಯ.

ಎರಡನೆಯ ಸಾಲಿನ ನಿರ್ಮಾಣ

2015ರ ಡಿಸೆಂಬರ್‌ನಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡಿದ ದ್ರಾವಿಡ್, ಕಿರಿಯರ ಕ್ರಿಕೆಟ್ಟಿನಲ್ಲಿ ಸುಳ್ಳು ವಯಸ್ಸಿನ ದಾಖಲೆ ತೋರಿಸುವ ಚಾಳಿಯನ್ನು ಕಟುವಾಗಿ ಟೀಕಿಸಿದರು. ತೂಕದಲ್ಲಿ ವಂಚಿಸಿ ಗಳಿಸಿದ ಗಿರಾಕಿಯಂತೆ, ಸುಳ್ಳಿನಿಂದ ಪಡೆದ ಗೆಲುವೂ ಬಾಳುವಂಥದ್ದಲ್ಲ. ಮರುವರ್ಷ ಮಂಡಳಿಯು ಒಬ್ಬ ಆಟಗಾರ ಒಂದೇ ಕಿರಿಯರ ವಿಶ್ವಕಪ್ ಆಡಬಹುದೆಂಬ ನಿಯಮ ತಂದಿತು. ಇದರಿಂದ ಪಳಗಿದ ಹುಡುಗರನ್ನು ಮತ್ತೆ ಕಣಕ್ಕಿಳಿಸಿ ಕಪ್ ಗೆಲ್ಲುವ ದಾರಿ ಮುಚ್ಚಿತು. ಹೊಸಬರಿಗೆ ಬಾಗಿಲು ತೆರೆಯಿತು. 2018ರ ವಿಜೇತ ತಂಡದಲ್ಲಿದ್ದ ಶುಭಮನ್ ಗಿಲ್ 2025ರಲ್ಲಿ ಭಾರತದ ಟೆಸ್ಟ್ ನಾಯಕರಾದರು.

ಒಬ್ಬನೇ ನುರಿತ ಕುಶಲಕರ್ಮಿಯನ್ನು ನಂಬಿ ನಡೆಯುವ ಸಣ್ಣ ಕೈಗಾರಿಕೆಗಳು ಇದನ್ನು ಗಮನಿಸಬೇಕು. ಅವನು ರಜೆ ಹಾಕಿದ ದಿನ ಉತ್ಪಾದನೆ ನಿಲ್ಲುವುದಾದರೆ ದೋಷ ಅವನದಲ್ಲ. ಅವನ ಪಕ್ಕದಲ್ಲಿ ಇನ್ನೊಬ್ಬನನ್ನು ಕಲಿಯಲು ನಿಲ್ಲಿಸದ ಆಡಳಿತದ್ದು.

ಸೋಲಿನ ಲೆಕ್ಕ

ದ್ರಾವಿಡ್ ಅವರ ಖಾತೆಯಲ್ಲಿ ಸೋಲುಗಳೂ ಇವೆ. 2007ರಲ್ಲಿ ಅವರ ನಾಯಕತ್ವದ ತಂಡ ವೆಸ್ಟ್ ಇಂಡೀಸ್‌ನಲ್ಲಿ ನಡೆದ ವಿಶ್ವಕಪ್ಪಿನ ಮೊದಲ ಸುತ್ತಿನಲ್ಲಿಯೇ ಹೊರಬಿದ್ದಿತು. 2016ರ ಕಿರಿಯರ ವಿಶ್ವಕಪ್ ಅಂತಿಮ ಪಂದ್ಯವೂ ಕೈತಪ್ಪಿತು. ಹಿರಿಯರ ತಂಡದ ಮುಖ್ಯ ತರಬೇತುದಾರರಾದ ಮೇಲೆ, 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ, ಸತತ ಹತ್ತು ಪಂದ್ಯ ಗೆದ್ದಿದ್ದ ತಂಡ ಹನ್ನೊಂದನೆಯದಾದ ಅಂತಿಮ ಪಂದ್ಯದಲ್ಲಿ ಸೋತಿತು. ಅಲ್ಲಿಗೆ ಅವರ ಅವಧಿಯೂ ಮುಗಿದಿತ್ತು. ನಾಯಕ ರೋಹಿತ್ ಶರ್ಮಾ ದೂರವಾಣಿಯಲ್ಲಿ ಮನವೊಲಿಸಿದ ಮೇಲೆ ಅವರು ಮುಂದುವರಿದರು. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಭಾರತ ದಕ್ಷಿಣ ಆಫ್ರಿಕವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದಿತು. ಆಗಲೂ ತಮಗೆ ನಿಗದಿಯಾಗಿದ್ದ 5 ಕೋಟಿ ರೂಪಾಯಿಯನ್ನು ಒಪ್ಪದೆ, ಸಹ ತರಬೇತುದಾರರಷ್ಟೇ ಎರಡೂವರೆ ಕೋಟಿ ಸಾಕೆಂದರೆಂದು ಪತ್ರಿಕೆಗಳು ವರದಿ ಮಾಡಿದವು.

ಒಂದು ಹಂಗಾಮಿನ ನಷ್ಟಕ್ಕೆ ಎದೆಗುಂದಿ ಅಂಗಡಿ ಮುಚ್ಚುವವರೂ, ಒಂದು ಗುತ್ತಿಗೆ ಕೈತಪ್ಪಿತೆಂದು ಇಡೀ ತಂಡವನ್ನು ಬದಲಿಸುವವರೂ ಇದ್ದಾರೆ. ಹತ್ತು ಪಂದ್ಯ ಗೆದ್ದ ವಿಧಾನ ಒಂದು ದಿನದ ಸೋಲಿನಿಂದ ತಪ್ಪಾಗುವುದಿಲ್ಲ. ಕ್ರಮ ಸರಿಯಿದೆಯೇ ಎಂದು ಶಾಂತಚಿತ್ತದಿಂದ ಪರಿಶೀಲಿಸಿ, ಸರಿಯಿದ್ದರೆ ಅದೇ ಜನರೊಂದಿಗೆ ಮತ್ತೆ ಕೆಲಸಕ್ಕೆ ಇಳಿಯುವುದೇ ನಾಯಕತ್ವ. ಮುಂದೆ ಲಾಭ ಬಂದಾಗ ಅದೇ ಜನರಿಗೆ ಅದರಲ್ಲಿ ಪಾಲು ಸಲ್ಲಬೇಕು.